ಮುಂಗಾಲು ಬದಲಿಸುವ ಮುನ್ನ: ಪುಣೆ, ಪಿಕಪ್ ಮತ್ತು ಕಬ್ಬಿಣದ ಏಣಿ

ನಮ್ಮೂರುಗಳಲ್ಲಿ ಮನೆ ಸಾಮಾನು ಹೊತ್ತು ಬರುವ ಸಣ್ಣ ಗಾಡಿ ಯಾವ ಕಂಪನಿಯದೇ ಇರಲಿ, ಅದು ‘ಟೆಂಪೋ’. ಮದುವೆ ದಿಬ್ಬಣ ಹೊರಟ ವ್ಯಾನು ಯಾವುದೇ ಇರಲಿ, ಹಳಬರ ಬಾಯಲ್ಲಿ ಅದು ‘ಮ್ಯಾಟಡೋರ್’. ಈ ಎರಡು ಹೆಸರುಗಳೂ ಕನ್ನಡಕ್ಕೆ ಬಂದದ್ದು ಪುಣೆಯ ದಾರಿಯಲ್ಲಿ. ಟೆಂಪೋ ಎಂಬುದು ಜರ್ಮನಿಯ ಹ್ಯಾಂಬರ್ಗ್ ಮೂಲದ ಕಂಪನಿಯೊಂದರ ಹೆಸರು. ಎನ್. ಕೆ. ಫಿರೋದಿಯಾ ಅವರು 1958ರಲ್ಲಿ ಆ ಕಂಪನಿಯ ಜೊತೆ ಸೇರಿ ಬಜಾಜ್ ಟೆಂಪೋ ಆರಂಭಿಸಿದರು. ಮುಂದೆ ಕಾರ್ಖಾನೆ ನೆಲೆ ನಿಂತದ್ದು ಆಕುರ್ಡಿಯಲ್ಲಿ. ನಮ್ಮಲ್ಲಿ ಅನೇಕರು ಬಾಡಿಗೆಗೋ ಸಾಲಕ್ಕೋ ಹಿಡಿದಿರುವ ವಾಕಡ್, ರಾವೇತ್‌ನ ಫ್ಲ್ಯಾಟುಗಳಿಂದ ಆ ಜಾಗ ಕೆಲವೇ ಕಿಲೋಮೀಟರು.

ನಾವು ಪುಣೆಯನ್ನು ಹಿಂಜವಡಿಯ ಮೂಲಕ ನೋಡುತ್ತೇವೆ. ಆದರೆ ಈ ಊರಿನ ಹಳೆಯ ವಿದ್ಯೆ ಸಾಫ್ಟ್‌ವೇರ್ ಅಲ್ಲ, ಕಬ್ಬಿಣ. ಇತ್ತೀಚೆಗೆ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಆ ಕಬ್ಬಿಣದ ಚರಿತ್ರೆಯ ಒಂದು ಎಳೆಯನ್ನು ಇಲ್ಲಿ ಬಿಡಿಸುತ್ತೇನೆ. ಪ್ರಶ್ನೆ ಇದು: ಊರಿನ ಮನೆಯಂಗಳದಲ್ಲಿ ಅಪ್ಪನದೋ ಅಜ್ಜನದೋ ಒಂದು ಹಳೆಯ ಪಿಕಪ್ ನಿಂತಿದೆ. ಅದನ್ನು ಉಳಿಸಬೇಕು, ಓಡಿಸಬೇಕು. ಅಮೆರಿಕದವರು ವಿಡಿಯೊಗಳಲ್ಲಿ ಮಾಡುವಂತೆ ಮುಂದಿನ ಗಟ್ಟಿ ಆಕ್ಸಲ್ ತೆಗೆದು ಕಾರಿನಂಥ ಸಸ್ಪೆನ್ಷನ್ ಕೂರಿಸಿ, ಚಾಸಿಯನ್ನು ಬಲಪಡಿಸಬಹುದೆ?

ಆಗುತ್ತದೆ, ಆಗುವುದಿಲ್ಲ ಎಂದು ಒಂದು ಸಾಲಿನಲ್ಲಿ ಹೇಳಬಹುದು. ಆದರೆ ಆ ಉತ್ತರದ ಹಿಂದೆ ನೂರು ವರ್ಷಗಳ ಕತೆ ಇದೆ, ಅದರ ಕೊನೆಯ ಅಧ್ಯಾಯ ನಡೆದದ್ದು ಪಿಂಪ್ರಿಯಲ್ಲಿ.

ಬಂಡಿಯ ಅಚ್ಚಿನಿಂದ ಲಾರಿಯ ಆಕ್ಸಲ್‌ಗೆ

ಎತ್ತಿನ ಬಂಡಿಯನ್ನು ನೆನಪಿಸಿಕೊಳ್ಳಿ. ಎರಡು ಗಾಲಿ, ನಡುವೆ ಒಂದೇ ಅಚ್ಚು. ಎಡಗಾಲಿ ಗುಂಡಿಗೆ ಇಳಿದರೆ ಬಂಡಿಯೇ ಎಡಕ್ಕೆ ವಾಲುತ್ತದೆ, ಬಲಗಾಲಿಯೂ ಓರೆಯಾಗುತ್ತದೆ. ಜಟಕಾ ಗಾಡಿ ಬಂದಾಗ ಅಚ್ಚಿಗೂ ಪೆಟ್ಟಿಗೆಗೂ ನಡುವೆ ಉಕ್ಕಿನ ಪಟ್ಟಿಗಳ ಕಮಾನು ಬಂತು. ಮೊದಮೊದಲ ಮೋಟಾರು ಗಾಡಿಗಳು ಇದನ್ನೇ ಎತ್ತಿಕೊಂಡವು. ಮುಂದೆ ಇಂಗ್ಲಿಷಿನ ‘ಐ’ ಅಕ್ಷರದ ಆಕಾರದ ಉಕ್ಕಿನ ತೊಲೆ, ಅದರ ಎರಡು ತುದಿಯಲ್ಲಿ ಕಿಂಗ್‌ಪಿನ್ ಎಂಬ ದಪ್ಪ ಗೂಟ, ಗೂಟದ ಸುತ್ತ ತಿರುಗುವ ಚಕ್ರ, ತೊಲೆಯನ್ನು ಚಾಸಿಗೆ ಕಟ್ಟುವ ಪಟ್ಟಿ ಸ್ಪ್ರಿಂಗ್. ಊರಿನ ಗ್ಯಾರೇಜಿನವರು ‘ಪಟ್ಟಿ ಮುರಿದಿದೆ’ ಎನ್ನುವುದು ಇದರ ಬಗ್ಗೆಯೇ.

ಈ ರಚನೆಯ ದೊಡ್ಡ ಗುಣ ಅದರ ಜಿಪುಣತನ. ಪಟ್ಟಿ ಸ್ಪ್ರಿಂಗ್ ಏಕಕಾಲಕ್ಕೆ ಮೂರು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಆಕ್ಸಲ್ಲನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುತ್ತದೆ, ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತವನ್ನೂ ಸ್ವಲ್ಪ ತಗ್ಗಿಸುತ್ತದೆ. ಮುರಿದರೆ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಹೊಸ ಪಟ್ಟಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಚಾಸಿಯನ್ನು ಒಂದೇ ಜಾಗದಲ್ಲಿ ಒತ್ತುವುದಿಲ್ಲ. ಪ್ರತಿ ಪಟ್ಟಿಕಟ್ಟಿಗೆ ಮುಂದೊಂದು ಹಿಂದೊಂದು ಹ್ಯಾಂಗರ್ ಇರುವುದರಿಂದ ಭಾರ ಸುಮಾರು ಒಂದು ಮೀಟರ್ ಉದ್ದಕ್ಕೆ ಹಂಚಿಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೋಷ ಗೊತ್ತಾದದ್ದು ವೇಗ ಹೆಚ್ಚಿದಾಗ. 1920ರ ದಶಕದಲ್ಲಿ ಮುಂದಿನ ಚಕ್ರಗಳಿಗೂ ಬ್ರೇಕು ಬಂತು, ಕಡಿಮೆ ಒತ್ತಡದ ಉಬ್ಬು ಟೈರುಗಳು ಬಂದವು. ಆಗ ಒಂದು ವೇಗ ದಾಟಿದೊಡನೆ ಮುಂದಿನ ಎರಡೂ ಚಕ್ರ ಹುಚ್ಚು ಹಿಡಿದಂತೆ ಎಡಬಲಕ್ಕೆ ನಡುಗುವ ಕಾಯಿಲೆ ಶುರುವಾಯಿತು. ಕಾರಣ ಬುಗುರಿಯದೇ. ಜೋರಾಗಿ ತಿರುಗುತ್ತಿರುವ ಬುಗುರಿಯನ್ನು ಒಂದು ದಿಕ್ಕಿಗೆ ವಾಲಿಸಿದರೆ ಅದು ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಗುಂಡಿಯಿಂದ ಆಕ್ಸಲ್ ವಾಲಿದಾಗ ತಿರುಗುತ್ತಿರುವ ಚಕ್ರಗಳು ಕಿಂಗ್‌ಪಿನ್ ಸುತ್ತ ತಾವಾಗಿಯೇ ಹೊರಳುತ್ತವೆ. ಆ ಹೊರಳು ಆಕ್ಸಲ್ಲನ್ನು ಮತ್ತೆ ವಾಲಿಸುತ್ತದೆ. ಎರಡೂ ಚಕ್ರ ಒಂದೇ ತೊಲೆಗೆ ಕಟ್ಟಿರುವ ತನಕ ಈ ಸರಪಳಿ ಪೂರ್ತಿ ಕಡಿಯುವುದಿಲ್ಲ.

ಅದನ್ನು ಕಡಿಯಲು ಚಕ್ರಗಳನ್ನೇ ಬೇರ್ಪಡಿಸಿದರು. ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ ಕಾರು 1922ರಲ್ಲೇ ಸ್ವತಂತ್ರ ಮುಂಗಾಲು ಹಾಕಿಕೊಂಡು ಬಂದಿತ್ತು. ಅದನ್ನು ಲಕ್ಷಗಟ್ಟಲೆ ಕಾರುಗಳ ಮಟ್ಟಕ್ಕೆ ತಂದವರಲ್ಲಿ ಮೊದಲ ಹೆಸರು ಮಾರಿಸ್ ಓಲಿ. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟಾರ್ಸ್‌ಗೆ ಹೋದ ಈ ಎಂಜಿನಿಯರ್, ತೂಕಗಳನ್ನು ಹಿಂದೆ ಮುಂದೆ ಸರಿಸಬಹುದಾದ ಒಂದು ದೊಡ್ಡ ಪ್ರಯೋಗದ ಕಾರನ್ನೇ ಕಟ್ಟಿ, ಮನುಷ್ಯನ ದೇಹಕ್ಕೆ ಯಾವ ಓಲಾಟ ಹಿತ, ಯಾವುದು ಅಹಿತ ಎಂದು ಅಳೆದರು. 1934ರ ಮಾದರಿಗಳಲ್ಲಿ ಕ್ಯಾಡಿಲಾಕ್‌ನಿಂದ ಷೆವರ್ಲೆವರೆಗೆ ಸ್ವತಂತ್ರ ಮುಂಗಾಲು ಬಂತು.

ಪಿಕಪ್ ಯಾಕೆ ತಡಮಾಡಿತು

ಕಾರಿಗೆ 1934ರಲ್ಲಿ ಬಂದದ್ದು ಪಿಕಪ್‌ಗೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಷೆವರ್ಲೆ ತನ್ನ ಪಿಕಪ್‌ಗಳಿಗೆ 1960ರಲ್ಲಿ ತಿರುಚು ಸರಳಿನ, ಅಂದರೆ ಟಾರ್ಷನ್ ಬಾರಿನ ಸ್ವತಂತ್ರ ಮುಂಗಾಲು ಕೊಟ್ಟಿತು. ಮೂರೇ ವರ್ಷಕ್ಕೆ ಅದನ್ನು ಬಿಟ್ಟು 1963ರಲ್ಲಿ ಸುರುಳಿ ಸ್ಪ್ರಿಂಗಿಗೆ ಬಂತು. ಫೋರ್ಡ್ 1965ರಲ್ಲಿ ನಡುದಾರಿ ಹಿಡಿಯಿತು: ಒಂದು ಉದ್ದ ತೊಲೆಯ ಬದಲು ಎರಡು ತೊಲೆ, ಒಂದೊಂದು ಚಕ್ರಕ್ಕೆ ಒಂದೊಂದು. ಡಾಜ್ 1972ರ ತನಕ ಕಾಯಿತು. ಜೀಪ್ ಕಂಪನಿಯ ಉದಾಹರಣೆ ಇನ್ನೂ ಸ್ವಾರಸ್ಯದ್ದು. 1963ರಲ್ಲಿ ಬಂದ ಗ್ಲಾಡಿಯೇಟರ್ ಪಿಕಪ್‌ಗೆ ಬೇಕೆಂದವರಿಗೆ ಸ್ವತಂತ್ರ ಮುಂಗಾಲು ಕೊಡುತ್ತೇವೆ ಎಂದರು. ತೆಗೆದುಕೊಂಡವರು ಕಡಿಮೆ. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟು ಮತ್ತೆ ಗಟ್ಟಿ ಆಕ್ಸಲ್‌ಗೇ ಮರಳಿದರು.

ಹೊಸದು ಬಂದ ಕೂಡಲೇ ಹಳೆಯದು ಕೀಳಾಗುವುದಿಲ್ಲ. ಹೊರುವ ಗಾಡಿಗೆ ಬೇಕಾದದ್ದು ಹಿತವಾದ ಸವಾರಿ ಮಾತ್ರವಲ್ಲ. ಖಾಲಿಯಿದ್ದಾಗಲೂ ತುಂಬಿದಾಗಲೂ ಒಂದೇ ತರಹ ನಡೆಯುವ, ಹಳ್ಳಿಯಲ್ಲಿ ದುರಸ್ತಿಯಾಗುವ ಗುಣವೂ ಬೇಕು. ಇಂದಿಗೂ ಭಾರದ ಗಾಡಿಗಳಲ್ಲಿ ಮುಂದೆಯೂ ಪಟ್ಟಿಯೇ ಇರುವುದು ಕಂಪನಿಗಳ ಸೋಮಾರಿತನದಿಂದಲ್ಲ.

ಈಗ ವಿಡಿಯೊಗಳಲ್ಲಿ ಕಾಣುವ ಅಮೆರಿಕದ ಹವ್ಯಾಸ ಹುಟ್ಟಿದ್ದು ಈ ಮಧ್ಯಂತರದಿಂದ. 1940, 50ರ ದಶಕದ ಗಟ್ಟಿ ಆಕ್ಸಲ್ಲಿನ ಪಿಕಪ್‌ಗಳಿಗೆ ಮುಂದಿನ ಕಾಲದ ಕಾರಿನ ಮುಂಗಾಲು ಜೋಡಿಸುವುದು. ಅದಕ್ಕೆ ಹೆಚ್ಚು ಬಳಕೆಯಾದದ್ದು ಫೋರ್ಡ್ ಕಂಪನಿ 1974ರ ಮಾದರಿಯಾಗಿ ತಂದ ಮಸ್ಟ್ಯಾಂಗ್ ಎರಡರ ಮುಂಗಾಲು. ಅದರ ಸಸ್ಪೆನ್ಷನ್ ಅಡ್ಡತೊಲೆಯೊಡನೆ ಒಂದು ಗಂಟಾಗಿ ಸಿಗುತ್ತಿತ್ತು, ಸ್ಟಿಯರಿಂಗು ರ‍್ಯಾಕ್ ಮತ್ತು ಪಿನಿಯನ್. ಹಳೆಯ ಚಾಸಿಗೆ ಅದನ್ನು ಬೆಸೆಯುವುದು ಒಂದು ಉದ್ಯಮವೇ ಆಯಿತು. ಆದರೆ ಅಲ್ಲಿಯೂ ಬಲ್ಲವರು ಮೊದಲು ಮುಟ್ಟುವುದು ಸಸ್ಪೆನ್ಷನ್ನನ್ನಲ್ಲ, ಚಾಸಿಯನ್ನು.

ನಮ್ಮ ಕಡೆಯ ಕತೆ

ಭಾರತದಲ್ಲಿ ಗಾಡಿ ಜೋಡಿಸುವ ಕೆಲಸ ಹೊರಗಿನವರಿಂದಲೇ ಶುರುವಾಯಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಸೇವ್ರಿಯಲ್ಲಿ ಷೆವರ್ಲೆ ಲಾರಿ, ಕಾರುಗಳನ್ನು ಜೋಡಿಸತೊಡಗಿತು. ಬಿಡಿಭಾಗ ತಂದು ಬೋಲ್ಟು ಬಿಗಿಯುವುದಷ್ಟೇ ಸಾಲದು, ಇಲ್ಲೇ ತಯಾರಾಗಬೇಕು ಎಂದು ಹಟ ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. ಅವರು ಎಂಜಿನಿಯರಿಂಗ್ ಓದಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ, ಪಾಸಾದದ್ದು 1883ರಲ್ಲಿ. ಖಡಕ್‌ವಾಸ್ಲಾ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳ ಕತೆ ನಮಗೆಲ್ಲ ಗೊತ್ತು; ಆದರೆ ಎಪ್ಪತ್ತು ದಾಟಿದ ಮೇಲೆ 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದು ಅಷ್ಟಾಗಿ ನೆನಪಿಲ್ಲ. ವಾಲಚಂದ್ ಹೀರಾಚಂದ್ ಅದಕ್ಕೆ ಕೈಹಾಕಿದರು, ಮೈಸೂರು ಸಂಸ್ಥಾನ ನೆರವಿಗೆ ಮುಂದೆ ಬಂತು, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ ಬರಬಹುದಾಗಿದ್ದ ಕಾರು ಕಾರ್ಖಾನೆ ಬರಲಿಲ್ಲ. ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಹುಟ್ಟಿ ಮುಂಬಯಿಯ ಕುರ್ಲಾದಲ್ಲಿ ನೆಲೆಗೊಂಡಿತು.

ಕಬ್ಬಿಣದ ವಿದ್ಯೆ ಗಡಿ ದಾಟಿದ ಇನ್ನೊಂದು ಉದಾಹರಣೆ ಕಿರ್ಲೋಸ್ಕರ್ ಮನೆತನದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ವ್ಯಾಪಾರ ಶುರುಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. 1910ರಲ್ಲಿ ಅವರು ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಮನೆತನದ ಎಂಜಿನ್ ಕಂಪನಿ ಪುಣೆಗೆ ಬಂತು.

1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ, ಇಲ್ಲೇ ತಯಾರಿಸುವ ಯೋಜನೆ ಇಲ್ಲದ ಜೋಡಣೆ ಕಂಪನಿಗಳು ಬಾಗಿಲು ಹಾಕಬೇಕಾಯಿತು. ಜನರಲ್ ಮೋಟಾರ್ಸ್ 1954ರಲ್ಲಿ ಹೊರಟುಹೋಯಿತು. ಅದೇ ವರ್ಷ ಟೆಲ್ಕೊ ಜರ್ಮನಿಯ ಡೈಮ್ಲರ್ ಬೆಂಝ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಆ ಒಪ್ಪಂದ 1969ಕ್ಕೆ ಮುಗಿಯುವುದಿತ್ತು. ಮುಗಿದ ಮೇಲೆ ನಕ್ಷೆ ಬರೆಯುವವರು ಯಾರು? ಸುಮಂತ್ ಮೂಳಗಾಂವ್ಕರ್ ಆ ಪ್ರಶ್ನೆಗೆ ಪುಣೆಯಲ್ಲಿ ಉತ್ತರ ಕಟ್ಟಿದರು.

1966, ಪುಣೆ

ಪುಣೆಯ ಮೋಟಾರು ಚರಿತ್ರೆಯಲ್ಲಿ 1966 ಒಂದು ಗುರುತಿನ ಕಲ್ಲು. ಆ ವರ್ಷ ಟೆಲ್ಕೊ ತನ್ನ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವನ್ನು ಇಲ್ಲಿ ಆರಂಭಿಸಿತು. ಅದೇ ವರ್ಷ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿತು. ವೇತಾಳ ಟೇಕಡಿಯ ಮೇಲೆ ವಾಕಿಂಗ್ ಹೋಗುವವರು ‘ಎಆರ್‌ಎಐ ಗುಡ್ಡ’ ಎನ್ನುವುದು ಈ ಸಂಸ್ಥೆಯ ಹೆಸರಿನಿಂದಲೇ. ಮುಂಢ್ವಾದಲ್ಲಿ 1961ರಲ್ಲಿ ಸ್ಥಾಪನೆಯಾದ ಭಾರತ್ ಫೋರ್ಜ್, ಕೆಂಪಗೆ ಕಾದ ಉಕ್ಕನ್ನು ಬಡಿದು ಕ್ರ್ಯಾಂಕ್‌ಶಾಫ್ಟ್ ಮತ್ತು ಮುಂದಿನ ಆಕ್ಸಲ್ ತೊಲೆಗಳನ್ನು ಮಾಡುವ ಕಾರ್ಖಾನೆಯಾಗಿ ಬೆಳೆಯಿತು. ತೊಲೆ ಬಡಿಯುವವರು, ನಕ್ಷೆ ಬರೆಯುವವರು, ಪರೀಕ್ಷಿಸುವವರು ಒಂದೇ ಊರಿನಲ್ಲಿ ಸೇರಿದರು.

ಮೂಳಗಾಂವ್ಕರ್ ಪಿಂಪ್ರಿಯಲ್ಲಿ ಆತುರ ಪಡಲಿಲ್ಲ. ಮೊದಲು ಬಂದದ್ದು ಹುಡುಗರಿಗೆ ತರಬೇತಿ, ಯಂತ್ರಗಳನ್ನು ಮಾಡುವ ಯಂತ್ರಗಳ ವಿಭಾಗ, ಗಿಡಮರ, ಒಂದು ಕೆರೆ. ಪುಣೆಯಿಂದ ಮೊದಲ ವಾಣಿಜ್ಯ ವಾಹನ ಹೊರಬಂದದ್ದು 1977ರಲ್ಲಿ. ಪ್ರಾಜೆಕ್ಟ್ ಮ್ಯಾನೇಜರ್ ಕಣ್ಣಿನಿಂದ ನೋಡಿದರೆ ಇದು ಭಯ ಹುಟ್ಟಿಸುವ ವೇಳಾಪಟ್ಟಿ; ಇಂದು ಯಾವ ಕ್ಲೈಂಟೂ ಹನ್ನೊಂದು ವರ್ಷ ಕಾಯುವುದಿಲ್ಲ.

ಈ ಟೆಲ್ಕೊಗೆ ಒಂದು ಕನ್ನಡದ ಕೊಂಡಿಯೂ ಇದೆ. 1974ರಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂಬ ಈ ಕಂಪನಿಯ ಜಾಹೀರಾತು ನೋಡಿ ಜೆ. ಆರ್. ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂದದ್ದು ಪುಣೆಗೆ. ಅವರು ಮುಂದೆ ಸುಧಾ ಮೂರ್ತಿಯಾದರು. ಇನ್ಫೋಸಿಸ್ 1981ರಲ್ಲಿ ನೋಂದಣಿಯಾದದ್ದೂ ಇದೇ ಪುಣೆಯಲ್ಲಿ. ನಮ್ಮ ಸಾಫ್ಟ್‌ವೇರ್ ಬದುಕಿನ ಬೇರು ಕೂಡ ಈ ಕಬ್ಬಿಣದ ನೆಲವನ್ನು ಮುಟ್ಟಿಯೇ ಹೋಗುತ್ತದೆ.

1980ರ ದಶಕದಲ್ಲಿ ಜಪಾನಿ ತಂತ್ರಜ್ಞಾನದ ಹಗುರ ಲಾರಿಗಳು ಒಟ್ಟೊಟ್ಟಿಗೆ ಬಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಾಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. ಟೆಲ್ಕೊ 1986ರಲ್ಲಿ ತನ್ನದೇ ನಕ್ಷೆಯ 407 ತಂದು ಅವುಗಳನ್ನು ಎದುರಿಸಿತು. ಬೆನ್ನಲ್ಲೇ, 1988ರಲ್ಲಿ ಬಂದದ್ದು ಟಾಟಾಮೊಬೈಲ್ 206. ಉದ್ದ ಮೂತಿ, ಸುಮಾರು ಎರಡು ಲೀಟರ್ ಡೀಸೆಲ್ ಎಂಜಿನ್, ಹಿಂದೆ ತೆರೆದ ತೊಟ್ಟಿ. ಪುಣೆಯ ಪಾಲಿಗೆ ‘ಕ್ಲಾಸಿಕ್ ಪಿಕಪ್’ ಎನ್ನಬಹುದಾದ ಗಾಡಿ ಇದ್ದರೆ ಅದು ಇದೇ.

ಅದು ಬಂದ ಕಾಲ ಶಾಂತವಾಗಿರಲಿಲ್ಲ. ಪುಣೆ ಕಾರ್ಖಾನೆಯಲ್ಲಿ ಕಾರ್ಮಿಕ ವಿವಾದ ಉರಿಯುತ್ತಿತ್ತು. 1989ರ ಸೆಪ್ಟೆಂಬರ್‌ನಲ್ಲಿ ಕಾರ್ಮಿಕರು ಶನಿವಾರವಾಡೆಯ ಮುಂದೆ ಉಪವಾಸ ಕೂತರು, ಪೊಲೀಸರು ಅವರನ್ನು ಎಬ್ಬಿಸಿದರು. ಮೂಳಗಾಂವ್ಕರ್ ತೀರಿಕೊಂಡದ್ದೂ ಅದೇ ವರ್ಷ. ಆದರೂ ಆ ಪಿಕಪ್ಪಿನ ನೆಲೆಗಟ್ಟಿನಿಂದ 1991ರಲ್ಲಿ ಸಿಯೆರಾ, ಮರುವರ್ಷ ಎಸ್ಟೇಟ್ ಬಂದವು. 1994ರಲ್ಲಿ ಬಂದ ಸುಮೊ ಗಾಡಿಯ ಹೆಸರಿನಲ್ಲಿ ಸುಮಂತ್, ಮೂಳಗಾಂವ್ಕರ್ ಎರಡೂ ಪದಗಳ ಮೊದಲಕ್ಷರಗಳಿವೆ.

ಸಿಯೆರಾದ ಮುಂದೆ ಬಗ್ಗಿ ನೋಡಿದರೆ ನಮ್ಮ ವಿಷಯ ಕಾಣುತ್ತದೆ. ಅಲ್ಲಿ ತೊಲೆ ಇಲ್ಲ. ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು ಕವಲು ತೋಳು, ಅಂದರೆ ಡಬಲ್ ವಿಶ್‌ಬೋನ್. ಸ್ಪ್ರಿಂಗಿನ ಬದಲು ಚಾಸಿಯ ಉದ್ದಕ್ಕೆ ಹಿಂದಕ್ಕೆ ಚಾಚಿದ ತಿರುಚು ಸರಳು. ಚಕ್ರ ಮೇಲೇರಿದಾಗ ಸರಳು ತಿರುಚಿಕೊಳ್ಳುತ್ತದೆ, ಅದರ ಹಿಂದಿನ ತುದಿಯನ್ನು ಚಾಸಿಯ ಅಡ್ಡತೊಲೆ ಬಿಗಿಯಾಗಿ ಹಿಡಿದಿರುತ್ತದೆ. ಸಸ್ಪೆನ್ಷನ್ ಹೊಸದು, ಅದಕ್ಕೆ ತಕ್ಕಂತೆ ಬರೆದ ಚಾಸಿಯೂ ಹೊಸದು. ಇವೆರಡನ್ನೂ ಒಂದೇ ಮೇಜಿನ ಮೇಲೆ ಬರೆದರು ಎಂಬುದೇ ಇಡೀ ಕತೆಯ ತಿರುಳು.

ಏಣಿಯ ಲೆಕ್ಕ

ಪಿಕಪ್ಪಿನ ಚಾಸಿ ಒಂದು ಏಣಿ. ಎರಡು ಉದ್ದ ಕಂಬಿ, ನಡುವೆ ಅಡ್ಡ ಮೆಟ್ಟಿಲು. ಹಳೆಯ ಗಾಡಿಗಳಲ್ಲಿ ಕಂಬಿಗಳ ಅಡ್ಡಸೀಳು ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಒಂದು ಬದಿ ತೆರೆದಿರುತ್ತದೆ. ಈ ತೆರೆದ ಬದಿಗೆ ತಗಡು ಬೆಸೆದು ಪೆಟ್ಟಿಗೆಯಾಗಿಸುವುದನ್ನೇ ‘ಬಾಕ್ಸಿಂಗ್’ ಎನ್ನುತ್ತಾರೆ.

ಇದರಿಂದ ಏನಾಗುತ್ತದೆ? 100 ಮಿಲಿಮೀಟರ್ ಎತ್ತರ, 50 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಒಂದು ಕಂಬಿಯನ್ನು ಕಲ್ಪಿಸಿಕೊಂಡು ಪಠ್ಯಪುಸ್ತಕದ ಸೂತ್ರ ಹಾಕಿ. ತೆರೆದ ಬದಿ ಮುಚ್ಚಿದರೆ ಬಾಗುವಿಕೆಯ ವಿರುದ್ಧ ಅದರ ಬಿಗಿತ ಹೆಚ್ಚುವುದು ಸುಮಾರು ಐದರಲ್ಲೊಂದು ಪಾಲು ಮಾತ್ರ. ತಿರುಚುವಿಕೆಯ ವಿರುದ್ಧ ಹೆಚ್ಚುವುದು ಸುಮಾರು 250 ಪಟ್ಟು. ಇದು ಒಂಟಿ ಕಂಬಿಯ ಲೆಕ್ಕ. ಪೂರ್ತಿ ಏಣಿಯಲ್ಲಿ ವ್ಯತ್ಯಾಸ ಇಷ್ಟಿರುವುದಿಲ್ಲ, ಆದರೆ ದಿಕ್ಕು ಇದೇ. ಕಾಗದದ ಕೊಳವೆಯನ್ನು ಉದ್ದಕ್ಕೆ ಸೀಳಿ ಹಿಂಡಿ ನೋಡಿದರೆ ಕೈಗೇ ಗೊತ್ತಾಗುತ್ತದೆ.

ಹಾಗಾದರೆ ಹಳಬರು ಯಾಕೆ ತೆರೆದೇ ಬಿಟ್ಟರು? ಬೇಕೆಂದೇ ಬಿಟ್ಟರು. ಏರುತಗ್ಗಿನ ದಾರಿಯಲ್ಲಿ ಏಣಿ ಸ್ವಲ್ಪ ತಿರುಚಿಕೊಂಡರೆ ನಾಲ್ಕೂ ಚಕ್ರ ನೆಲ ಮುಟ್ಟುತ್ತವೆ. ಪಟ್ಟಿ ಸ್ಪ್ರಿಂಗು, ತಿರುಚುವ ಚಾಸಿ, ಬಿಸಿ ಬೆಸುಗೆಯ ಬದಲು ರಿವೆಟ್ಟು, ಇವೆಲ್ಲ ಒಂದೇ ಸಂಸಾರ. ಸ್ವತಂತ್ರ ಮುಂಗಾಲು ಬಂದಾಗ ಈ ಸಂಸಾರದ ಲೆಕ್ಕ ತಪ್ಪುತ್ತದೆ. ಪಟ್ಟಿ ಒಂದು ಮೀಟರ್ ಉದ್ದಕ್ಕೆ ಹಂಚುತ್ತಿದ್ದ ಭಾರ ಈಗ ಒಂದು ಅಡ್ಡತೊಲೆಯ ಸುತ್ತ ಒಂದೆರಡು ಗೇಣಿನಲ್ಲಿ ಬೀಳುತ್ತದೆ. ಚಾಸಿ ತಿರುಚಿದರೆ ಚಕ್ರಗಳ ಕೋನವೇ ಬದಲಾಗುತ್ತದೆ. ಆದ್ದರಿಂದ ಬಾಕ್ಸಿಂಗ್ ಅನಿವಾರ್ಯ. ಆದರೆ ಮುಂದಿನ ಅರ್ಧ ಮಾತ್ರ ಪೆಟ್ಟಿಗೆಯಾಗಿಸಿ ಹಿಂದಿನರ್ಧ ತೆರೆದೇ ಬಿಟ್ಟರೆ, ಬಿಗಿ ಮತ್ತು ಸಡಿಲ ಸಂಧಿಸುವ ಗೆರೆಯಲ್ಲಿ ಎಲ್ಲ ತಿರುಚೂ ಒಟ್ಟಾಗುತ್ತದೆ. ಬಿರುಕು ಅಲ್ಲಿಂದ ಶುರುವಾಗುತ್ತದೆ, ನಿಧಾನವಾಗಿ, ಸಾವಿರಾರು ಗುಂಡಿಗಳ ನಂತರ. ಗಾಡಿ ಗ್ಯಾರೇಜಿನಿಂದ ಹೊರಬಂದ ದಿನ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2000ದ ತಿದ್ದುಪಡಿಯಲ್ಲಿ ಇದು ಬಿಗಿಯಾಯಿತು. ಗಾಡಿಯ ಮೂಲ ಲಕ್ಷಣವೇ ಬದಲಾಗುವಂತೆ ರಚನೆಯಲ್ಲಿ ಮಾಡುವ ಬದಲಾವಣೆಯೇ ‘ಮಾರ್ಪಾಡು’ ಎಂದು ಅದೇ ಕಲಂ ವಿವರಿಸುತ್ತದೆ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿ ಇಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದಿತು. 2021ರಲ್ಲಿ 50 ವರ್ಷ ದಾಟಿದ ವಿಂಟೇಜ್ ಗಾಡಿಗಳಿಗೆ ಬಂದ ವಿಶೇಷ ನೋಂದಣಿಗೂ ಷರತ್ತು ಇದೇ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ ಮಾರ್ಪಟ್ಟಿರಬಾರದು.

ಇದು ಅತಿಯಾಯಿತು ಎನ್ನಿಸಬಹುದು. ಆದರೆ ಗಾಡಿಯ ಹೆಸರು, ಜಾತಕ ಎಲ್ಲ ಆ ಏಣಿಯ ಮೇಲೆ ಒತ್ತಿದ ಚಾಸಿ ನಂಬರಿನಲ್ಲಿದೆ. ಎಂಜಿನ್ ಬದಲಾಗಬಹುದು, ಬಣ್ಣ ಬದಲಾಗಬಹುದು. ಆ ನಂಬರಿರುವ ತುಂಡನ್ನು ಕತ್ತರಿಸಿದರೆ ಉಳಿದದ್ದು ಯಾವ ಗಾಡಿ ಎಂದು ಯಾರಿಗೂ ಹೇಳಲಾಗದು, ಅಪಘಾತದ ನಂತರ ವಿಮೆಯ ಕಚೇರಿಗಂತೂ ಅಲ್ಲವೇ ಅಲ್ಲ.

ಅಥಣಿಯ ಒಂದು ಜೀಪ್

ಇಷ್ಟೆಲ್ಲ ಹೇಳುವ ಬದಲು ಒಂದು ನಿಜವಾದ ಗಾಡಿ ನೋಡೋಣ. ನಮ್ಮ ಬಳಗದ ಗೆಳೆಯನೊಬ್ಬನ ಮನೆ ಅಥಣಿ ಕಡೆ. ಅಲ್ಲೊಂದು ಹಳೆಯ ಮಹೀಂದ್ರ ಜೀಪ್ ಪಿಕಪ್ ಇದೆ, ಎಪ್ಪತ್ತು ದಾಟಿದ ಅವನ ತಂದೆ ಇವತ್ತಿಗೂ ಹೊಲದಿಂದ ಪೇಟೆಗೆ ಅದನ್ನೇ ಓಡಿಸುತ್ತಾರೆ. ಐವತ್ತರ ವೇಗದಲ್ಲಿ ಗುಂಡಿ ಸಿಕ್ಕರೆ ಸ್ಟಿಯರಿಂಗು ಕೈಯಲ್ಲಿ ನಿಲ್ಲದಷ್ಟು ನಡುಗುತ್ತಿತ್ತು. ಮಗನಿಗೆ ರಾತ್ರಿ ನಿದ್ದೆ ಇಲ್ಲ. ತಂದೆಗೆ ಬೇರೆ ಗಾಡಿ ಬೇಡ. ಒಂದು ಗ್ಯಾರೇಜಿನವರು, ಗುಜರಿಗೆ ಹೋದ ಎಸ್‌ಯುವಿಯ ಮುಂಗಾಲನ್ನು ಅಡ್ಡತೊಲೆ ಸಮೇತ ಕತ್ತರಿಸಿ ತಂದು ಬೆಸೆಯುತ್ತೇವೆ ಎಂದರು.

ನಾವು ಮೊದಲು ಗಾಡಿಯನ್ನು ಎತ್ತಿ ನಿಲ್ಲಿಸಿ ಒಂದೊಂದೇ ಕೀಲು ಅಲ್ಲಾಡಿಸಿ ನೋಡಿದೆವು. ಟೈ ರಾಡ್ ತುದಿಗಳು ಸವೆದಿದ್ದವು. ಕಿಂಗ್‌ಪಿನ್ ಬೇರಿಂಗುಗಳು ಸಡಿಲವಾಗಿದ್ದವು. ಪಟ್ಟಿಯ ಶ್ಯಾಕಲ್ ಬುಷ್‌ಗಳಲ್ಲಿ ರಬ್ಬರ್ ಹೆಸರಿಗಷ್ಟೇ ಇತ್ತು. ಚಕ್ರಗಳ ಬ್ಯಾಲೆನ್ಸ್ ಯಾವ ಕಾಲಕ್ಕೆ ಮಾಡಿಸಿದ್ದೋ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ಟಿಯರಿಂಗ್ ಪೆಟ್ಟಿಗೆ ಕೂತ ಜಾಗದಲ್ಲಿ, ಮಣ್ಣು ಕೆರೆದ ಮೇಲೆ ಕಂಡ ಕೂದಲೆಳೆಯ ಬಿರುಕು. ಕಾರಿನ ಮುಂಗಾಲನ್ನು ಆ ಕಂಬಿಗೇ ಬೆಸೆಯುವವರಿದ್ದರು.

ಬಿರುಕಿನ ತುದಿಗೆ ಸಣ್ಣ ರಂಧ್ರ ಕೊರೆದು ಅದು ಮುಂದಕ್ಕೆ ಹೋಗದಂತೆ ತಡೆದು, ಬಿರುಕನ್ನು ಉಜ್ಜಿ ಬೆಸೆದು, ಒಳಗಿನಿಂದ ತುದಿಗಳನ್ನು ಓರೆಯಾಗಿ ಕತ್ತರಿಸಿದ ತಗಡು ಕೂರಿಸಿದರು. ತುದಿ ನೇರವಾಗಿದ್ದರೆ ಆ ಗೆರೆಯಲ್ಲೇ ಮತ್ತೆ ಬಿರುಕು ಬರುತ್ತದೆ. ಕೀಲುಗಳೆಲ್ಲ ಹೊಸವಾದವು. ಶಿಮ್ ಹಾಕಿ ಬೇರಿಂಗು ಬಿಗಿಮಾಡಿ, ಕ್ಯಾಸ್ಟರ್ ಕೋನ ಸರಿಮಾಡಿದರು. ಮೂಲ ರಚನೆ ಹಾಗೇ ಉಳಿಯಿತು, ನೋಂದಣಿ ಪತ್ರಕ್ಕೆ ಧಕ್ಕೆ ಇಲ್ಲ. ನಡುಕ ನಿಂತಿತು. ಸವಾರಿ ಕಾರಿನಂತಾಗಲಿಲ್ಲ, ಆಗಬೇಕೆಂದು ಅವರ ತಂದೆ ಕೇಳಿಯೂ ಇರಲಿಲ್ಲ.

ಕೊನೆಯದಾಗಿ

ಹಳೆಯ ಪಿಕಪ್ಪಿನ ಮುಂಗಾಲು ಬದಲಿಸಲು ಹೊರಟವರಿಗೆ ಈ ಚರಿತ್ರೆ ಒಂದು ಮಾತು ಹೇಳುತ್ತದೆ. ಸಸ್ಪೆನ್ಷನ್ ಎಂಬುದು ಕಳಚಿ ಕೂರಿಸುವ ಬಿಡಿಭಾಗವಲ್ಲ, ಚಾಸಿಯ ಜೊತೆ ಮಾಡಿಕೊಂಡ ಒಪ್ಪಂದ. ಒಂದು ಕಡೆಯ ಷರತ್ತು ಬದಲಾದರೆ ಇಡೀ ಪತ್ರವನ್ನೇ ಹೊಸದಾಗಿ ಬರೆಯಬೇಕು. ಓಲಿಯವರು ಅದಕ್ಕಾಗಿ ಒಂದು ಪ್ರಯೋಗದ ಕಾರನ್ನೇ ಕಟ್ಟಿದರು. ಷೆವರ್ಲೆ ಮೂರು ವರ್ಷಕ್ಕೆ ಮನಸ್ಸು ಬದಲಿಸಿತು. ಜೀಪ್ ಹಿಂದಕ್ಕೆ ಹೋಯಿತು. ಪುಣೆಯಲ್ಲಿ ಸಂಶೋಧನಾ ಕೇಂದ್ರ ಆರಂಭವಾದ ದಿನದಿಂದ ಟಾಟಾಮೊಬೈಲ್ ಬರುವ ತನಕ 22 ವರ್ಷ ಹಿಡಿಯಿತು. ಎರಡು ವಾರಾಂತ್ಯದಲ್ಲಿ ವೆಲ್ಡಿಂಗ್ ಯಂತ್ರ ಹಿಡಿದು ಅದನ್ನು ಮಾಡಿಕೊಡುತ್ತೇವೆ ಎನ್ನುವವರನ್ನು ನೀವು ಒಂದೇ ಪ್ರಶ್ನೆ ಕೇಳಿ: ಪಟ್ಟಿ ಹೊರುತ್ತಿದ್ದ ಭಾರ ಇನ್ನುಮುಂದೆ ಎಲ್ಲಿ ಬೀಳುತ್ತದೆ? ಬೆರಳಿಟ್ಟು ತೋರಿಸಲು ಬಾರದಿದ್ದರೆ ಗಾಡಿಯ ಕೀಲಿಕೈ ಕೊಡಬೇಡಿ.

ಮುಂದಿನ ಸಲ ಊರಿಗೆ ಹೋದಾಗ ಆ ಗಾಡಿಯ ಕೆಳಗೆ ಒಂದು ಗೋಣಿಚೀಲ ಹಾಸಿಕೊಂಡು ಮಲಗಿ. ಚಾಸಿ ನಂಬರ್ ಬರೆದುಕೊಳ್ಳಿ. ಕಂಬಿಗಳ ಮಣ್ಣು ಕೆರೆದು ಬೆಳಕು ಬಿಟ್ಟು ನೋಡಿ. ಕೀಲುಗಳನ್ನು ಅಲ್ಲಾಡಿಸಿ. ಹೊಸದೇನು ಹಾಕಬೇಕೆಂದು ಯೋಚಿಸುವ ಮೊದಲು, ಹಳಬರು ಇಟ್ಟದ್ದರಲ್ಲಿ ಸವೆದದ್ದೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿ. ಬಹಳ ಸಲ ಗಾಡಿಗೆ ಬೇಕಾಗಿರುವುದು ಅಷ್ಟೇ.